ರಿಸಾರ್ಟ್ ಮುಚ್ಚಿದ ಮೇಲೆ ವಾಲ್ವಿನ ಕೀಲಿ ಯಾರ ಹತ್ತಿರ?

(ಓದುಗರ ಪ್ರಶ್ನೆಗಳಿಗೆ ಸಾಗರದ ನಿವೃತ್ತ ನೀರು ಸರಬರಾಜು ಇಂಜಿನಿಯರ್ ಒಬ್ಬರ ಉತ್ತರ)

ಪ್ರಶ್ನೆ: ಸರ್, ನಮ್ಮದು ಬ್ಯಾಕೋಡು ಕಡೆ. ಎರಡು ಎಕರೆ ಅಡಿಕೆ ತೋಟ, ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ. ಮಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿದ್ದಾನೆ, ಯೆಪ್ಪೂನ್ ಅನ್ನೋ ಊರಿನ ಹತ್ತಿರ. ಅಲ್ಲಿ ಸಮುದ್ರದೊಳಗೆ ಗ್ರೇಟ್ ಕೆಪಲ್ ಅಂತ ಒಂದು ದ್ವೀಪವಂತೆ. ಅಲ್ಲಿನ ರಿಸಾರ್ಟ್ 2008ರಲ್ಲೇ ಮುಚ್ಚಿದೆಯಂತೆ. ಅದನ್ನು ಮತ್ತೆ ಎಬ್ಬಿಸಲು ಸರ್ಕಾರ 3 ಕೋಟಿ ಡಾಲರ್ ಕೊಡ್ತೀನಿ ಅಂದಿತ್ತು ಅಂತ ಫೋನಿನಲ್ಲಿ ಹೇಳಿದ. ಖಾಸಗಿಯವರ ರಿಸಾರ್ಟಿಗೆ ಜನರ ದುಡ್ಡು ಯಾಕೆ? ಹಿನ್ನೀರಿಗೆ ಸೇತುವೆ ಆದ ಮೇಲೆ ನಮ್ಮ ಕಡೆಗೂ ಜಾಗ ನೋಡುವ ಕಾರುಗಳು ಬರುತ್ತಿವೆ. ನಾಳೆ ಇಲ್ಲೂ ಹೀಗೇ ಆಗುತ್ತಾ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ಸೇತುವೆಗೆ ಮುಂಚೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ನೆನಪಾಯಿತು. ಒಮ್ಮೆ ನಿಮ್ಮ ಕಡೆಯ ಊರೊಂದರ ಬೋರ್‌ವೆಲ್ ಮೋಟಾರ್ ಸುಟ್ಟಿತ್ತು. ವೈಂಡಿಂಗ್ ಮಾಡಿಸಿ, ಜೀಪಿನ ಹಿಂದೆ ಹಾಕಿಕೊಂಡು ದಡಕ್ಕೆ ಬಂದೆ. ಅವತ್ತು ಶುಕ್ರವಾರ. ಸಿಗಂದೂರಿಗೆ ಹೊರಟ ಭಕ್ತರ ಕಾರುಗಳ ಸಾಲು ರಸ್ತೆ ತಿರುವಿನವರೆಗೂ ಇತ್ತು. ಸಂಜೆ ಕೊನೆಯ ಲಾಂಚ್ ಹೋಯಿತು, ನನ್ನ ಜೀಪ್ ಈಚೆ ದಡದಲ್ಲೇ ಉಳಿಯಿತು. ಆ ಊರಿನವರು ಇನ್ನೊಂದು ದಿನ ಬಾವಿ ನೀರು ಸೇದಿದರು.

ದ್ವೀಪಕ್ಕೆ ಹೋಗುವ ಪ್ರತಿ ವಸ್ತುವಿನ ಹಣೆಬರಹ ಇದೇ. ಸಿಮೆಂಟ್, ಡೀಸೆಲ್, ಮೋಟಾರ್, ಮೆಕ್ಯಾನಿಕ್, ಎಲ್ಲಾ ನೀರು ದಾಟಿಯೇ ಹೋಗಬೇಕು. ಗ್ರೇಟ್ ಕೆಪಲ್ ದಡದಿಂದ ಸುಮಾರು 15 ಕಿಲೋಮೀಟರ್ ದೂರ, ಬೋಟಿನಲ್ಲಿ ಅರ್ಧ ಗಂಟೆ. ರೂಮು ಕಟ್ಟುವುದು ಅಲ್ಲಿ ದೊಡ್ಡ ಮಾತಲ್ಲ. ನೀರು, ಕರೆಂಟ್, ಕೊಳಚೆ, ಜೆಟ್ಟಿ, ಈ ನಾಲ್ಕೇ ಕಷ್ಟ. ಮೊದಲ ಅತಿಥಿ ಕಾಲಿಡುವ ಮುಂಚೆಯೇ ಕೋಟಿಗಟ್ಟಲೆ ದುಡ್ಡನ್ನು ನೆಲದಡಿ ಹೂಳಲು ಯಾವ ಸಾಹುಕಾರನಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಸರ್ಕಾರದ ಕಡೆ ಕೈ ತೋರಿಸುತ್ತಾರೆ. ಸರ್ಕಾರಕ್ಕೂ ಲೆಕ್ಕ ಇರುತ್ತದೆ: ರಿಸಾರ್ಟ್ ನಡೆದರೆ ದಡದ ಊರಿನ ಬೋಟಿನವನಿಗೆ, ತರಕಾರಿಯವನಿಗೆ ಕೆಲಸ. ಈ ಲೆಕ್ಕ ಪೂರ್ತಿ ಸುಳ್ಳಲ್ಲ.

3 ಕೋಟಿ ಡಾಲರ್ ಅಂದರೆ ನಮ್ಮ ದುಡ್ಡಿನಲ್ಲಿ 150 ಕೋಟಿಗೂ ಜಾಸ್ತಿ. ಕೇಳಲು ದೊಡ್ಡದು. ಆದರೆ ನಿಮ್ಮ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆಗೆ 470 ಕೋಟಿ ದಾಟಿತು, ಅದೂ 2.44 ಕಿಲೋಮೀಟರಿಗೆ. ಗ್ರೇಟ್ ಕೆಪಲ್‌ನಲ್ಲಿ ಮೊದಲು ದಡದಿಂದ ಸಮುದ್ರದಡಿಯಲ್ಲಿ ನೀರು, ಕರೆಂಟ್ ಒಯ್ಯುವ ಮಾತು ಇತ್ತು. ಆಮೇಲೆ ಜೆಟ್ಟಿ, ಕೊಳಚೆ ಶುದ್ಧೀಕರಣದ ಕಡೆ ಮಾತು ತಿರುಗಿತು. ಈ ಮಧ್ಯೆ ಗಣಿ ಧಣಿಗಳ ಕಂಪನಿಯೊಂದು ಕೊಳ್ಳಲು ಬಂದು, 2022ರಲ್ಲಿ ಬೇಡ ಅಂತ ಹೋಯಿತು. 2023ರಲ್ಲಿ ಸರ್ಕಾರವೇ ಗುತ್ತಿಗೆ ವಾಪಸ್ ಪಡೆಯಿತು. ಬಾಗಿಲು ಹಾಕಿ ಹದಿನೈದು ವರ್ಷ ಕಳೆದಿತ್ತು ಆಗ.

ನಮ್ಮ ಸೇತುವೆಯ ದುಡ್ಡು, ಆ ದ್ವೀಪದ ದುಡ್ಡು ಎರಡೂ ಒಂದೇನಾ ಅಂದರೆ, ಅಲ್ಲ. ಸೇತುವೆ ರಿಸಾರ್ಟಿಗಾಗಿ ಆದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ಹಿನ್ನೀರಾಯಿತು, ನಿಮ್ಮ ಸೀಮೆ ದ್ವೀಪದಂತಾಯಿತು. ಊರಿಗೆಲ್ಲ ಕರೆಂಟ್ ಕೊಟ್ಟ ಮುಳುಗಡೆಯ ಜನ 2025ರ ಜುಲೈ 14ರವರೆಗೆ ಸೇತುವೆಗೆ ಕಾದರು. ಅದು ಹಳೇ ಸಾಲ, ತೀರಿತು ಅಷ್ಟೇ. ಆ ಕೆಪಲ್ ದ್ವೀಪಕ್ಕೂ ಮೂಲದ ಜನ ಇದ್ದಾರೆ, ವೊಪ್ಪಬುರಾ ಅಂತ. 1902ರ ಹೊತ್ತಿಗೆ ಅವರನ್ನೆಲ್ಲ ಅಲ್ಲಿಂದ ಎಬ್ಬಿಸಿ ಸಾಗಿಸಿದ್ದರು. ನೆಲದ ಮೇಲೆ ಅವರ ಹಕ್ಕನ್ನು ಕೋರ್ಟ್ ಒಪ್ಪಿದ್ದು 2021ರಲ್ಲಿ. ಮಗನ ಹತ್ತಿರ ಇದನ್ನೂ ವಿಚಾರಿಸಿ, ಅವನಿಗೆ ನಿಮ್ಮ ಅಜ್ಜನ ಕಥೆಯೇ ಕೇಳಿದ ಹಾಗೆ ಆದೀತು.

ಇನ್ನು ನನ್ನ ಕಥೆ. ಮಲೆನಾಡಿನ ಒಂದು ಊರು, ಹೆಸರು ಬೇಡ. ಹಳ್ಳಿಗೆ ಓವರ್‌ಹೆಡ್ ಟ್ಯಾಂಕ್ ಮಂಜೂರಾಗಿತ್ತು, ಜಾಗ ಸಿಕ್ಕಿರಲಿಲ್ಲ. ಆಗ ತಾನೇ ಎದ್ದಿದ್ದ ರಿಸಾರ್ಟಿನ ಮಾಲೀಕರು ಎತ್ತರದ ಜಾಗ ಬಿಟ್ಟಿ ಕೊಡ್ತೀನಿ ಅಂದರು. ಎಲ್ಲರಿಗೂ ಖುಷಿ. ಟ್ಯಾಂಕ್ ಅವರ ಕಾಂಪೌಂಡ್ ಒಳಗೆ ಎದ್ದಿತು. ವಾಲ್ವ್ ಚೇಂಬರ್ ಕೂಡ ಒಳಗೇ. ರಿಸಾರ್ಟಿಗೆ ಮೂರಿಂಚು ಪೈಪ್, ಊರಿಗೆ ಎರಡಿಂಚು. ಶನಿವಾರ, ಭಾನುವಾರ ಊರಿನ ನಲ್ಲಿಯಲ್ಲಿ ಬರೀ ಗಾಳಿ, ಸುಯ್ ಅಂತ. ನಾಲ್ಕು ವರ್ಷಕ್ಕೆ ಮಾಲೀಕರ ಮನೆಯಲ್ಲಿ ಜಗಳವಾಗಿ ರಿಸಾರ್ಟ್ ಮುಚ್ಚಿತು, ಗೇಟಿಗೆ ಬೀಗ ಬಿತ್ತು. ವಾಚ್‌ಮನ್ ಇದ್ದರೆ ನೀರು, ಇಲ್ಲದಿದ್ದರೆ ಇಲ್ಲ. ನಮ್ಮ ವಾಟರ್‌ಮನ್ ವಯಸ್ಸಾದವರು. ಟೀ ಆಕಾರದ ಉದ್ದನೆಯ ಕಬ್ಬಿಣದ ಕೀಲಿಯನ್ನು ಮೊದಲು ಕಾಂಪೌಂಡಿನ ಆಚೆ ಎಸೆದು, ಆಮೇಲೆ ತಾವು ಹತ್ತಿ ಇಳಿಯುತ್ತಿದ್ದರು. ಮಳೆಗಾಲದಲ್ಲಿ ಹಾವಸೆ ಹಿಡಿದ ಗೋಡೆ ಬೇರೆ. ಆ ಸೈಟ್ ಪ್ಲಾನಿಗೆ ಸಹಿ ಹಾಕಿದವನು ನಾನೇ.

ಹಾಗಾಗಿ ಸರ್ಕಾರ ದುಡ್ಡು ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಎಲ್ಲಿ ಹಾಕುತ್ತದೆ ನೋಡಿ. ಜೆಟ್ಟಿ ಆದರೆ ಮೀನು ಹಿಡಿಯುವವನ ದೋಣಿಯೂ ಅಲ್ಲಿ ಕಟ್ಟಬೇಕು. ಪೈಪ್ ಆದರೆ ಮೊದಲ ಕವಲು (ಟೀ ಜಾಯಿಂಟ್) ಊರಿಗೆ ಒಡೆಯಬೇಕು. ವಾಲ್ವ್ ರಸ್ತೆ ಪಕ್ಕ ಇರಬೇಕು, ಕೀಲಿ ಪಂಚಾಯಿತಿಯಲ್ಲಿ. ರಿಸಾರ್ಟ್ ನಾಳೆ ಮುಚ್ಚಿದರೂ ಊರಿಗೆ ಉಳಿಯುವ ಕೆಲಸಕ್ಕೆ ಜನರ ದುಡ್ಡು ಸರಿ. ಗೇಟಿನ ಒಳಗಿನದಕ್ಕೆ ಅವರದೇ ದುಡ್ಡು.

ನಿಮ್ಮ ಗ್ರಾಮಸಭೆಗೆ ಯಾವುದಾದರೂ 50 ರೂಮಿನ ಯೋಜನೆ ಬಂದರೆ ಈ ಲೆಕ್ಕ ಜೇಬಿನಲ್ಲಿಟ್ಟುಕೊಂಡು ಹೋಗಿ. ಹೋಟೆಲಿಗೆ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ಅಂತ ಹಿಡಿಯುವುದು ವಾಡಿಕೆ. ನೂರು ಜನಕ್ಕೆ 18,000 ಲೀಟರ್. ಜಲಜೀವನ್ ಯೋಜನೆಯಲ್ಲಿ ಹಳ್ಳಿಯವನಿಗೆ 55 ಲೀಟರ್. ಅಂದರೆ ಆ ನೂರು ಅತಿಥಿಗಳ ನೀರು ಊರಿನ 327 ಜನಕ್ಕೆ ಸಾಕು. ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ, ದಿನಕ್ಕೆ 14,400 ಲೀಟರ್. ಎಲ್ಲಿಗೆ ಬಿಡ್ತೀರಿ ಅಂತ ಕೇಳಿ. "ವ್ಯವಸ್ಥೆ ಮಾಡ್ತೀವಿ" ಅಂದರೆ ನಕ್ಷೆ ತೋರಿಸಿ ಅನ್ನಿ. ಹಿನ್ನೀರಿನ ಕಡೆ ಬೆರಳು ಹೋದರೆ ಅಲ್ಲೇ ಎದ್ದು ನಿಲ್ಲಿ.

ಪ್ರಶ್ನೆ: ಹೋಮ್‌ಸ್ಟೇ ಟಾಯ್ಲೆಟ್ಟಿನ ಇಂಗುಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು ಸರ್? ನಮ್ಮದು ಹೊಸನಗರ ಹತ್ತಿರ, ಇಳಿಜಾರಿನ ಜಾಗ.

ಉತ್ತರ: ಕನಿಷ್ಠ 18 ಮೀಟರ್. ಬಾವಿಗಿಂತ ಮೇಲಿನ ಧರೆಯಲ್ಲಿ ಮಾತ್ರ ಬೇಡಮ್ಮ, ದೂರ ಎಷ್ಟೇ ಇರಲಿ. ನಮ್ಮ ಮಳೆಗೆ ಜಂಬಿಟ್ಟಿಗೆ ನೆಲದಲ್ಲಿ ನೀರು ಸುಮ್ನೆ ಕೂರುವುದಿಲ್ಲ, ಸಂದಿ ಹುಡುಕಿಕೊಂಡು ಇಳಿಯುತ್ತದೆ. ಗುಡ್ಡದ ಒರತೆಯಿಂದ ಇಳಿದು ಬರುವ ಅಬ್ಬಿ ನೀರಿನ ಪೈಪೂ ಅದೇ ಕಡೆ ಹಾದು ಬಂದಿದ್ದರೆ ಈ ಬೇಸಿಗೆಯಲ್ಲೇ ದಾರಿ ಬದಲಿಸಿಬಿಡಿ.