ಗಜನಿಯ ಬಾಗಿಲು ನೋಡಿ ಬಾ

ತಂಗೀ,

ಕಾರವಾರದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಜರ್ಮನಿಯ ಬಾನ್‌ಗೆ ಓದಲು ಹೊರಟಿರುವ ನೀನು ಮೂರು ಪ್ರಶ್ನೆ ಕೇಳಿದ್ದೀಯ: ಬಾಡಿಗೆ ಎಷ್ಟು, ಚಳಿ ಹೇಗೆ, ಹವಾಮಾನ ಮಾತುಕತೆಗಳಲ್ಲಿ ನಮ್ಮಂಥ ಎಂಜಿನಿಯರುಗಳಿಗೆ ಏನು ಕೆಲಸ. ಬಾಡಿಗೆ ಜಾಸ್ತಿ, ವಿದ್ಯಾರ್ಥಿ ನಿಲಯಕ್ಕೆ ಇವತ್ತೇ ಅರ್ಜಿ ಹಾಕು. ಸ್ವೆಟರನ್ನು ಊರಿನಲ್ಲಿ ಕೊಳ್ಳಬೇಡ, ಇಲ್ಲಿಯ ಚಳಿಗೆ ಅದು ಏನೂ ಅಲ್ಲ. ಮುರುಗಲ ಸಿಪ್ಪೆಯನ್ನು ಮಾತ್ರ ಧಾರಾಳವಾಗಿ ಕಟ್ಟಿಕೊಂಡು ಬಾ. ಯಾಕೆಂದು ನವೆಂಬರಿನಲ್ಲಿ ಗೊತ್ತಾಗುತ್ತದೆ.

ನಾನು ಕುಮಟೆಯಿಂದ ಬಂದಿಳಿದದ್ದು 2012ರಲ್ಲಿ. ವಿಶ್ವಸಂಸ್ಥೆಯ ಹವಾಮಾನ ಸಚಿವಾಲಯ ಇದೇ ಊರಿನಲ್ಲಿದೆ. ಜೂನ್ ಬಂತೆಂದರೆ ದೇಶದೇಶಗಳ ಪ್ರತಿನಿಧಿಗಳು ರೈನ್ ನದಿಯ ದಂಡೆಯಲ್ಲಿ ಸೇರುತ್ತಾರೆ. ಒಳಗೆ ಹೋಗಲು ಮಾನ್ಯತೆ ಪಡೆದ ಸಂಸ್ಥೆಯೊಂದು ನಿನ್ನ ಹೆಸರು ಕೊಡಬೇಕು. ಯುವಜನರ ಒಕ್ಕೂಟವಾದ ಯಂಗೋಗೆ 2011ರಿಂದ ಪೂರ್ಣ ಮಾನ್ಯತೆಯಿದೆ. ಮೊದಲು ಅವರ ಜೊತೆ ಕೆಲಸ ಮಾಡು, ಬ್ಯಾಡ್ಜಿನ ಮಾತು ಆಮೇಲೆ. ತಾಳ್ಮೆ ಇರಲಿ. 2013ರ ಜೂನ್‌ನಲ್ಲಿ ಒಂದು ಸಮಿತಿಯ ಎರಡು ವಾರವೂ ಕಾರ್ಯಸೂಚಿಯ ತಕರಾರಿನಲ್ಲೇ ಕಳೆದುಹೋಯಿತು. ನಮ್ಮ ಸೊಸೈಟಿಯ ವಾರ್ಷಿಕ ಸಭೆಯೇ ವಾಸಿ ಎನ್ನಿಸಿತು.

ಅಲ್ಲಿ ಜಗಳವೆಲ್ಲ ಪದಗಳ ಮೇಲೆ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು ಹಂತಹಂತವಾಗಿ ‘ಕೈಬಿಡುವುದು’ ಎಂದಿದ್ದದ್ದು ಕೊನೆಯ ಗಳಿಗೆಯಲ್ಲಿ, ಭಾರತದ ಮಾತಿನ ಮೇಲೆ, ‘ತಗ್ಗಿಸುವುದು’ ಆಯಿತು. ಎಂಜಿನಿಯರಿಗೆ ಕೆಲಸವಿರುವುದೂ ಅಲ್ಲಿಯೇ. 2030ರೊಳಗೆ ವಿದ್ಯುತ್ತಿನ ಶೇ 50 ಪಳೆಯುಳಿಕೆಯೇತರ ಮೂಲಗಳಿಂದ ಎಂದು ಭಾರತ 2022ರಲ್ಲಿ ಮಾತು ಕೊಟ್ಟಿದೆಯಲ್ಲ, ಅದು ಸ್ಥಾಪಿತ ಸಾಮರ್ಥ್ಯದ ಲೆಕ್ಕ, ಉತ್ಪಾದನೆಯದಲ್ಲ. ಕೈಗಾ ಅಣುಸ್ಥಾವರದ 880 ಮೆಗಾವಾಟ್ ರಾತ್ರಿಯೂ ಓಡುತ್ತದೆ, ಸೌರಫಲಕದ 880 ಸಂಜೆಗೇ ಮಲಗುತ್ತದೆ. ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಭೆಯಲ್ಲಿ ಬಿಡಿಸಿ ಹೇಳುವವರು ಕಡಿಮೆ.

ಇನ್ನು ನನ್ನ ತಪ್ಪು. 2014ರಲ್ಲಿ ಯುವಜನರ ಪರವಾಗಿ ನನಗೆ ಎರಡು ನಿಮಿಷ ಸಿಕ್ಕಿತು. ಸೀರೆ ಉಟ್ಟುಕೊಂಡು ಹೋಗಿದ್ದೆ. ಅಘನಾಶಿನಿ ನದಿ ಕಡಲು ಸೇರುವಲ್ಲಿನ ಗಜನಿ ಗದ್ದೆಗಳು, ಅಂದರೆ ಉಪ್ಪುನೀರಿನ ಅಂಚಿನ ತಗ್ಗು ಗದ್ದೆಗಳು, ಸಮುದ್ರ ಏರಿ ಸಾಯುತ್ತಿವೆ, ಉಪ್ಪು ತಾಳುವ ಕಗ್ಗ ಭತ್ತವೂ ನನ್ನ ಚಿಕ್ಕಪ್ಪನ ಗದ್ದೆಯಲ್ಲಿ ಕೊಳೆಯಿತು ಎಂದೆ. ಚಪ್ಪಾಳೆ ಬಿತ್ತು. ಹೆಮ್ಮೆಯಿಂದ ವಿಡಿಯೊವನ್ನು ಮನೆಗೆ ಕಳಿಸಿದೆ.

ಚಿಕ್ಕಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಸಮುದ್ರ ಏರುವುದಿರಲಿ ಮಗಳೇ. ಒಡ್ಡಿನ ಬಾಗಿಲಿನ ಹಲಗೆ ಕೊಳೆತು ಎರಡು ಮಳೆಗಾಲವಾಯಿತು. ಅದನ್ನು ಯಾಕೆ ಹೇಳಲಿಲ್ಲ?”

ಹೇಳುವುದಕ್ಕೆ ನನಗೆ ಗೊತ್ತಿದ್ದರಲ್ಲವೇ! ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ಖಾರ್‌ಲ್ಯಾಂಡ್ ಒಡ್ಡಿನ ಆ ಬಾಗಿಲು ಭರತದಲ್ಲಿ ಮುಚ್ಚಿ ಉಪ್ಪುನೀರನ್ನು ತಡೆಯಬೇಕು, ಇಳಿತದಲ್ಲಿ ತೆರೆದು ಮಳೆನೀರನ್ನು ಬಿಡಬೇಕು. ನೀರೇ ನಡೆಸುವ ಯಂತ್ರ ಅದು. ಆ ಗದ್ದೆಯ ಅನ್ನ ಉಂಡು ಎಂಜಿನಿಯರ್ ಆದವಳು ಅದನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಸಮುದ್ರ ಏರುತ್ತಿರುವುದು ಸುಳ್ಳಲ್ಲ, ಆದರೆ ಆ ವರ್ಷ ಆ ಬೆಳೆಯನ್ನು ಹಾಳುಮಾಡಿದ್ದು ಹಲಗೆ. ಇಂಥ ಕೆಲಸಗಳಿಗೆ ವಿಶ್ವಸಂಸ್ಥೆಯ ಮಾತುಕತೆಯಲ್ಲಿಯೇ ಹುಟ್ಟಿದ ಹೊಂದಾಣಿಕೆ ನಿಧಿ (ಅಡಾಪ್ಟೇಶನ್ ಫಂಡ್) ಇದೆ, ಭಾರತದಿಂದ ನಬಾರ್ಡ್ ಮೂಲಕ ಪ್ರಸ್ತಾವ ಹೋಗುತ್ತದೆ ಎಂಬುದನ್ನೂ ಆಮೇಲೆ ಓದಿ ತಿಳಿದುಕೊಂಡೆ. ಅಷ್ಟರಲ್ಲಿ ಚಿಕ್ಕಪ್ಪ ಗದ್ದೆಯನ್ನು ಸಿಗಡಿಗೆ ಗೇಣಿ ಕೊಟ್ಟಿದ್ದರು. ನನ್ನ ವಿಡಿಯೊ ಈಗಲೂ ಇದೆ. ನಾನು ನೋಡುವುದಿಲ್ಲ.

ವಿಮಾನ ಹತ್ತುವ ಮೊದಲು ಒಂದು ಭಾನುವಾರ ಕುಮಟೆಯ ಕಡೆಗೆ ಹೋಗಿ ಬಾ. ಯಾವ ಗಜನಿಯಾದರೂ ಸರಿ. ಇಳಿತದ ಹೊತ್ತು ಕೇಳಿಕೊಂಡು ಹೋಗು, ಭರತದಲ್ಲಿ ಬಾಗಿಲು ನೀರಿನಡಿ ಇರುತ್ತದೆ. ಚಪ್ಪಲಿಯನ್ನು ಒಡ್ಡಿನ ಮೇಲೆಯೇ ಬಿಡು, ಕೆಸರು ಮೊಣಕಾಲಿಗೆ ಬರುತ್ತದೆ.