ಜೀನ್ ಟೆಸ್ಟ್‌ನಲ್ಲಿ ಎಂಟಿಎಚ್‌ಎಫ್‌ಆರ್ ದೋಷ ಅಂತ ಬಂದಿದೆ, ಹಾರ್ಟ್ ಅಟ್ಯಾಕ್ ಆಗುತ್ತಾ?

ಅದೊಂದರಿಂದ ಆಗಲ್ಲ. ಹಿಂಜವಡಿಯಲ್ಲಿ ಕೆಲಸ, ಅಪ್ಪಟ ಸಸ್ಯಾಹಾರಿ, ಆನ್‌ಲೈನ್ ವರದಿಯಲ್ಲಿ ಕೆಂಪಕ್ಷರದಲ್ಲಿ 'ಸಿ677ಟಿ, ಒಂದು ಪ್ರತಿ' ಅಂತ ಇದೆ ಎಂದು ಬರೆದಿದ್ದೀರಿ. ನಾನೂ ಇಲ್ಲೇ ಪುಣೆಯ ಒಂದು ಲ್ಯಾಬ್‌ನಲ್ಲಿ ಇರುವವನು. ಇಂಥ ವರದಿ ಹಿಡಿದು ಗಾಬರಿಯಾಗಿ ಬರುವವರು ಈಗ ಜಾಸ್ತಿ.

ಎಂಟಿಎಚ್‌ಎಫ್‌ಆರ್ ಜೀನ್ ಇದೇ ಹೆಸರಿನ ಒಂದು ಕಿಣ್ವವನ್ನು ಮಾಡಿಸುತ್ತದೆ. ಈ ಕಿಣ್ವ ಫೋಲೇಟ್ ಎಂಬ ಬಿ ವಿಟಮಿನ್ನನ್ನು ಬಳಕೆಗೆ ಬರುವ ರೂಪಕ್ಕೆ ತರುತ್ತದೆ. ಆ ಫೋಲೇಟ್ ಮತ್ತು ಬಿ12 ಸೇರಿ ರಕ್ತದಲ್ಲಿರುವ ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಮೆಥಿಯೊನೈನ್ ಎಂಬ ಇನ್ನೊಂದು ಅಮೈನೊ ಆಮ್ಲ ಮಾಡುತ್ತವೆ. ಜೀನಿನ 677ನೇ ಜಾಗದಲ್ಲಿ ಸಿ ಎಂಬ ಡಿಎನ್‌ಎ ಅಕ್ಷರದ ಬದಲು ಟಿ ಬಂದರೆ ಕಿಣ್ವ ಬಿಸಿಗೆ ಬೇಗ ಕೆಡುತ್ತದೆ. ಮಾಂಟ್ರಿಯಲ್‌ನ ರೀಮಾ ರೋಜೆನ್ ತಂಡ 1995ರಲ್ಲಿ ಇದನ್ನು ಗುರುತಿಸಿತು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಈ ಜೀನಿನ ಎರಡು ಪ್ರತಿ ಇರುತ್ತವೆ. ಎರಡೂ ಪ್ರತಿ ಟಿ ಇದ್ದವರಲ್ಲಿ ಕಿಣ್ವದ ಕೆಲಸ ಸುಮಾರು 30 ಪರ್ಸೆಂಟ್, ನಿಮ್ಮಂತೆ ಒಂದಿದ್ದರೆ 65ರ ಆಸುಪಾಸು. ಇದು ಟೆಸ್ಟ್ ಟ್ಯೂಬಿನ ಲೆಕ್ಕ. ಊಟದಲ್ಲಿ ಫೋಲೇಟ್ ಸಾಕಷ್ಟಿದ್ದರೆ ಎರಡು ಟಿ ಇದ್ದವರಿಗೂ ಹೋಮೋಸಿಸ್ಟೀನ್ ಅಷ್ಟೇನೂ ಏರುವುದಿಲ್ಲ.

ಹುಟ್ಟುವ ಮಗುವಿನ ಬೆನ್ನುಹುರಿ ದೋಷದ ಜೊತೆ ಎರಡು ಟಿಗೆ ನಂಟಿದೆ, ಅದು ನಿಜ. ಹೃದಯದ ಕಥೆ ಬೇರೆ. ಹೋಮೋಸಿಸ್ಟೀನ್ ಏರಿದರೆ ಹಾರ್ಟ್ ಅಟ್ಯಾಕ್ ಆಗುತ್ತೆ, ಇಳಿಸಿದರೆ ತಪ್ಪುತ್ತೆ ಅನ್ನೋ ಊಹೆ ಇತ್ತು. ಬಿ ವಿಟಮಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳ ಫಲಿತಾಂಶ 2006ರಲ್ಲಿ ಬಂತು. ಹೋಮೋಸಿಸ್ಟೀನ್ ಇಳಿಯಿತು, ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ.

ನಮ್ಮ ಪುಣೆಯವರ ತಲೆನೋವು ಬಿ12. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ತಂಡ ನಗರ, ಸ್ಲಮ್, ಹಳ್ಳಿಯ 441 ಗಂಡಸರನ್ನು ಪರೀಕ್ಷಿಸಿದಾಗ 67 ಪರ್ಸೆಂಟ್ ಜನರಿಗೆ ಬಿ12 ಕಡಿಮೆ ಇತ್ತು. ಸಸ್ಯಾಹಾರಿಗಳಲ್ಲಿ ಇನ್ನೂ ಜಾಸ್ತಿ. ನೀವು ಚಿಂತೆ ಮಾಡಲೇಬೇಕು ಅಂದರೆ ಇದರ ಬಗ್ಗೆ ಮಾಡಿ.

ಬಿ12, ಹೋಮೋಸಿಸ್ಟೀನ್ ಎರಡೂ ಮಾಡಿಸಿ. ಲ್ಯಾಬಿಗೇ ಹೋಗಿ ರಕ್ತ ಕೊಡಿ. ಟ್ಯೂಬಿನಲ್ಲಿ ಸುಮ್ನೆ ಇಟ್ಟರೂ ಕೆಂಪುಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಅದಕ್ಕೇ ತಕ್ಷಣ ಐಸ್‌ನಲ್ಲಿಟ್ಟು, ಬೇಗ ಸೆಂಟ್ರಿಫ್ಯೂಜ್‌ಗೆ (ಗರಗರ ತಿರುಗಿಸಿ ಕಣಗಳನ್ನು ಬೇರೆ ಮಾಡುವ ಯಂತ್ರ) ಹಾಕಬೇಕು. ಮನೆಗೆ ಬಂದು ರಕ್ತ ತೆಗೆದ ಹುಡುಗ ಏಪ್ರಿಲ್ ಬಿಸಿಲಲ್ಲಿ ಐಸ್ ಇಲ್ಲದೆ ಇನ್ನೂ ನಾಲ್ಕು ಮನೆ ಸುತ್ತಿದರೆ ನಿಮ್ಮ ನಂಬರ್ ಸುಳ್ಳುಸುಳ್ಳೇ ಏರಿರುತ್ತದೆ.

ಫೋಲಿಕ್ ಆಸಿಡ್ (ಗುಳಿಗೆಯಲ್ಲಿ ಬರುವ ಫೋಲೇಟ್) ಗುಳಿಗೆ ಒಂದನ್ನೇ ನೀವಾಗಿ ಶುರು ಮಾಡಬೇಡಿ. ಬಿ12 ಕಡಿಮೆ ಇದ್ದರೆ ರಕ್ತಹೀನತೆ ವಾಸಿಯಾದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಿರುತ್ತದೆ. ಬಿ12 ವರದಿ ಡಾಕ್ಟರಿಗೆ ತೋರಿಸಿ, ಆಮೇಲೆ ಗುಳಿಗೆಯೋ ಇಂಜೆಕ್ಷನ್ನೋ ಅವರು ಹೇಳಲಿ. ಮೆಂತ್ಯ ಸೊಪ್ಪು, ಹೆಸರುಕಾಳು, ಹಾಲು, ಮೊಸರು ತಟ್ಟೆಯಲ್ಲಿ ಇರಲಿ. ವರದಿ ಜೊತೆ ಅವರೇ ಮಾರುತ್ತಿರುವ ದುಬಾರಿ ಮಿಥೈಲ್‌ಫೋಲೇಟ್ (ಬಳಕೆಗೆ ಸಿದ್ಧ ರೂಪದ ಫೋಲೇಟ್) ಡಬ್ಬಿ ಬಗ್ಗೆ ಕೇಳಿದ್ದೀರಲ್ವಾ? ನಾನಾದರೆ ಕೊಳ್ಳಲ್ಲ.