ತಮ್ಮನ ಜೂಜಿನ ಚಟ

ಪ್ರಶ್ನೆ: ನನ್ನ ತಮ್ಮ ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡಿ ಮಾಡಿದ ಸಾಲವನ್ನು ನಾವು ಎರಡು ಬಾರಿ ತೀರಿಸಿದರೂ ಅವನು ಮತ್ತೆ ಆಡುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಕಳೆದುಕೊಂಡದ್ದನ್ನು ಮರಳಿ ಗೆಲ್ಲಲೇಬೇಕೆಂಬ ತಹತಹ ಈ ಚಟದ ಮುಖ್ಯ ಲಕ್ಷಣಗಳಲ್ಲೊಂದು; ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿರುವುದರಿಂದ ಬೈಗುಳವಾಗಲಿ ಆಣೆ-ಪ್ರಮಾಣವಾಗಲಿ ಇದಕ್ಕೆ ಮದ್ದಲ್ಲ. ಸಾಲವನ್ನು ಸದ್ದಿಲ್ಲದೆ ತೀರಿಸುವುದು, ನನ್ನ ಅಭಿಪ್ರಾಯದಲ್ಲಿ, ಮುಂದಿನ ಆಟಕ್ಕೆ ದಾರಿ ಮಾಡಿಕೊಟ್ಟಂತೆ. ಬದಲಿಗೆ, ಅವನ ಒಪ್ಪಿಗೆ ಪಡೆದು, ಸಂಬಳದ ಖಾತೆಯ ನಿರ್ವಹಣೆಯನ್ನು ಕೆಲಕಾಲ ಮನೆಯವರೊಬ್ಬರು ವಹಿಸಿಕೊಳ್ಳುವುದು ಒಳ್ಳೆಯದು. ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಸಲಹೆ ನೀಡುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇಂದೇ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಚಿಕಿತ್ಸಾಲಯವಿದೆ. ಸಾಯುವ ಮಾತೇನಾದರೂ ಅವನ ಬಾಯಿಂದ ಬಂದರೆ, ಒಂದು ಗಳಿಗೆಯೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.